ವೆಂಕಟಸ್ವಾಮಿ ಅಳೆದ ಕೆರೆ

ಅರೆಕೆರೆಯ ಹಳೇ ಊರಿನಲ್ಲಿ ವೆಂಕಟಸ್ವಾಮಿಯ ಅಣ್ಣಂದಿರು ಜಮೀನಿದ್ದ ಕಡೆ ಮೂರು ಮೂರು ಅಂತಸ್ತು ಎಬ್ಬಿಸಿ, ಬಾಡಿಗೆ ತಿಂದುಕೊಂಡು ಹಾಯಾಗಿದ್ದಾರೆ. ಅವನಿಗೂ ಪಾಲು ಬಂದಿತ್ತು. ಆದರೆ ಆ ಮನುಷ್ಯನಿಗೆ ಕೂತು ತಿನ್ನುವುದು ಒಗ್ಗಲಿಲ್ಲ. ಐವತ್ತಮೂರರ ವಯಸ್ಸಿನಲ್ಲೂ ಬೆಳಗ್ಗೆ ಏಳಕ್ಕೆ ಡಬ್ಬಿ ಕಟ್ಟಿಸಿಕೊಂಡು ಜೆ.ಪಿ. ನಗರದ ಒಂದು ಸರ್ವೆ ಕಂಪನಿಗೆ ಹೊರಡುತ್ತಿದ್ದ. ಅಲ್ಲಿ ಅವನ ಕೆಲಸ, ದೋಣಿಗೆ ಜಿಪಿಎಸ್ಸನ್ನೂ ಆಳ ಅಳೆಯುವ ಸೌಂಡರನ್ನೂ ಜೋಡಿಸುವುದು. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ದೋಣಿಯ ಕೆಲಸವೆಂದರೆ ಯಾರು ನಗುವುದಿಲ್ಲ?

"ಏನ್ ಕ್ಯಾಪ್ಟನ್, ಇವತ್ತು ಯಾವ್ ಸಮುದ್ರ?" ಎಂದು ದೊಡ್ಡಣ್ಣ ಗಂಗಾಧರಯ್ಯ ದಿನವೂ ಗೇಟಿನಿಂದ ಕೂಗುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ತಮಾಷೆ. ವೆಂಕಟಸ್ವಾಮಿ ಡಬ್ಬಿ ಹಿಡಿದು ಬಸ್ಸಿಗೆ ನಡೆಯುತ್ತಿದ್ದ. ಅವನಿಗೆ ಜಂಬವಿದ್ದದ್ದು ಒಂದೇ ವಿಷಯದಲ್ಲಿ. ತಾನು ಕಟ್ಟಿದ ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು.

ಅದಕ್ಕಾಗಿ ಅವನು ಪಡುತ್ತಿದ್ದ ಪಾಡು ನೋಡಿದವರಿಗೆ ತಾಳ್ಮೆ ಕೆಡುತ್ತಿತ್ತು. ದೋಣಿಯ ಪಕ್ಕಕ್ಕೆ ಕಬ್ಬಿಣದ ಕೊಳವೆ ನೆಟ್ಟಗೆ ಬಿಗಿಯಬೇಕು. ಅದರ ಕೆಳತುದಿಯಲ್ಲಿ, ನೀರೊಳಗೆ, ತಳಕ್ಕೆ ಸದ್ದು ಕಳಿಸಿ, ಅದು ಮರಳುವ ಹೊತ್ತಿನಿಂದ ಆಳ ಹೇಳುವ ಸೌಂಡರಿನ ಗುಂಡು. ಮೇಲುತುದಿಯಲ್ಲಿ, ಗುಂಡಿನ ನೆತ್ತಿಗೆ ಸರಿಯಾಗಿ, ಜಿಪಿಎಸ್ ಆಂಟೆನಾ. ಒಂದು ಅಡಿ ಆಚೀಚೆಯಾದರೂ ಆಳ ಒಂದು ಜಾಗದ್ದು, ವಿಳಾಸ ಇನ್ನೊಂದು ಜಾಗದ್ದು ಆಗುತ್ತದೆ. ಗುಂಡು ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟನ್ನು ಯಂತ್ರಕ್ಕೆ ಹೇಳಬೇಕು, ಅದು ಅಷ್ಟನ್ನು ಕೂಡಿಸಿಕೊಂಡು ಆಳ ತೋರಿಸುತ್ತದೆ. ಇಷ್ಟಾದರೂ ಅವನು ನಂಬುತ್ತಿರಲಿಲ್ಲ. ಗುರುತು ಹಾಕಿದ ಸರಪಳಿಗೆ ಕಬ್ಬಿಣದ ತಟ್ಟೆ ಕಟ್ಟಿ ಗುಂಡಿನ ಕೆಳಗೆ ಇಳಿಬಿಡುವನು. ತಟ್ಟೆ ಒಂದು ಮೀಟರಿನಲ್ಲಿದ್ದರೆ ಯಂತ್ರವೂ ಒಂದು ಮೀಟರ್ ಎನ್ನಬೇಕು. ಎಂದ ಮೇಲೆಯೇ ಹಾಳೆಯಲ್ಲಿ ಬರೆದು, ಫೋಟೋ ತೆಗೆದು, ಸಹಿ ಹಾಕುತ್ತಿದ್ದ. ಉಳಿದವರು ಆ ಹಾಳೆಯನ್ನು ಆಫೀಸಿನಲ್ಲಿ ಕೂತು ತುಂಬುತ್ತಾರೆ. ಇವನು ಒಂದು ಸಲವೂ ಹಾಗೆ ಮಾಡಲಿಲ್ಲ.

ಅಂಜನಾಪುರದಾಚೆ ಸಿದ್ದಮ್ಮನ ಕೆರೆ ಅಳೆಯುವ ಕೆಲಸ ಬಂದಾಗ ಅವನೇ ಕೇಳಿ ಪಡೆದ. ಅದು ಅವನ ತಾಯಿಯ ತವರೂರಿನ ಕೆರೆ. ಈಜು ಕಲಿತದ್ದೇ ಅಲ್ಲಿ, ಎಷ್ಟು ಮುಳುಗಿದರೂ ತಳ ಸಿಗದೆ ಹೆದರಿ ಮೇಲೆ ಬಂದದ್ದೂ ಅಲ್ಲೇ. ಈಗ ಸುತ್ತಲೂ ಅಪಾರ್ಟ್‌ಮೆಂಟುಗಳು. ಹಿಂದಿನ ಬೇಸಿಗೆಯಲ್ಲಿ ಒಬ್ಬ ಕಂಟ್ರಾಕ್ಟರು ಒಂದೂವರೆ ಮೀಟರ್ ಹೂಳು ತೆಗೆದೆನೆಂದು ಬಿಲ್ಲು ಸಲ್ಲಿಸಿದ್ದ. ಆಳ ಅಳೆದು ವರದಿ ಕೊಟ್ಟರೆ ಬಿಲ್ಲು ಪಾಸು.

ಅಳತೆಯ ದಿನ ವೆಂಕಟಸ್ವಾಮಿ ಯಂತ್ರ ಕಟ್ಟಿ ಮುಗಿಸಿ, ಗುಂಡು ಮುಳುಗಿದ್ದು ಮೂವತ್ತು ಸೆಂಟಿಮೀಟರ್ ಎಂದು ತುಂಬಿದ. ಕೆರೆ ಉಸ್ತುವಾರಿ ಕಚೇರಿಯ ಇಂಜಿನಿಯರ್ ಪ್ರಸನ್ನ ದಡದಲ್ಲಿ ಎಳನೀರು ಕುಡಿಯುತ್ತಿದ್ದವನು ಹತ್ತಿರ ಬಂದ.

"ಅಲ್ಲಿ ಒಂದು ಎಂಬತ್ತು ಅಂತ ಹಾಕ್ಬಿಡಿ ವೆಂಕಟಸ್ವಾಮಿ. ಎಲ್ಲಾ ಕಡೆ ಒಂದೂವರೆ ಜಾಸ್ತಿ ತೋರ್ಸುತ್ತೆ. ಯಾರ್ ಇಳಿದು ನೋಡ್ತಾರೆ?"

"ನಾನ್ ನೋಡ್ತೀನಲ್ಲ ಸಾರ್," ಎಂದ ವೆಂಕಟಸ್ವಾಮಿ.

ಅಳತೆ ಮುಗಿದಾಗ ಸರಾಸರಿ ಆಳ ಒಂದು ಮೀಟರ್ ಹತ್ತು ಸೆಂಟಿಮೀಟರ್. ಬಡಗಣ ಭಾಗದಲ್ಲಿ ಮೊಣಕಾಲುದ್ದವೂ ಇಲ್ಲ. ಹೂಳೆತ್ತಿದ್ದು ಬರೀ ಕಾಗದದ ಮೇಲೆ. ಪ್ರಸನ್ನ ಮುಖ ಸಿಂಡರಿಸಿಕೊಂಡು ಹೋದ. ಅಲ್ಲೇ ವಾಕಿಂಗ್ ಬರುತ್ತಿದ್ದ ನಿವೃತ್ತ ಟೀಚರ್ ಸೀತಮ್ಮ, ಕೆರೆ ಉಳಿಸುವ ಸಂಘ ಕಟ್ಟಿದವರು, ಏನಾಯಿತೆಂದು ಕೇಳಿದರು. ವೆಂಕಟಸ್ವಾಮಿ ಪ್ರಸನ್ನನ ಒಂದು ಎಂಬತ್ತರ ಮಾತನ್ನೂ ಬಿಡದೆ ತಿಳಿಸಿ, ಎದೆಯುಬ್ಬಿಸಿ ಹೇಳಿದ: "ನಿಜವಾದ್ ನಂಬರ್ ಹೋಗಿದೆ ಮೇಡಂ. ಇನ್ ಅವ್ರು ಹೂಳು ತೆಗೀಲೇಬೇಕು. ಕೆರೆ ಉಳೀತು ಅನ್ಕೊಳಿ." ಆ ದಿನ ಅವನು ಮನೆಗೆ ಮೈಸೂರುಪಾಕು ಒಯ್ದ. ಪಾಪ, ಸಂತೋಷಪಟ್ಟ.

ನಾಲ್ಕು ತಿಂಗಳಿಗೆ ನೋಟೀಸು ಬಂತು. ಕೆರೆಯ ಬಡಗಣ ಭಾಗ ಅಳತೆಯ ಪ್ರಕಾರ ಕೆರೆಯ ಲಕ್ಷಣ ಕಳೆದುಕೊಂಡಿದೆ, ಮಣ್ಣು ತುಂಬಿ ಸಂಪರ್ಕ ರಸ್ತೆಯನ್ನೂ ವಾಹನ ನಿಲ್ದಾಣವನ್ನೂ ಮಾಡಲಾಗುವುದು, ಆಕ್ಷೇಪಣೆಯಿದ್ದವರು ಸಭೆಗೆ ಬರಬಹುದು. ಕಳ್ಳರ ಬುದ್ಧಿ ನೋಡಿ. ಸುಳ್ಳು ಅಂಕಿ ಸಿಕ್ಕಿದ್ದರೆ ಬಿಲ್ಲು ಮಾಡುತ್ತಿದ್ದರು, ನಿಜದ ಅಂಕಿ ಸಿಕ್ಕಿತು, ಕೆರೆಯನ್ನೇ ಮುಗಿಸಲು ಹೊರಟರು.

ಸೀತಮ್ಮ ಅವನನ್ನು ಹುಡುಕಿಕೊಂಡು ಅರೆಕೆರೆಗೆ ಬಂದರು. ಕುಳಿತವರು ಕಾಫಿ ಮುಟ್ಟಲಿಲ್ಲ.

"ಯಂತ್ರ ಸೆಟ್ ಮಾಡೋದ್ರಲ್ಲಿ ತಪ್ಪಾಯ್ತು ಅಂತ ಸಭೇಲಿ ಹೇಳ್ಬಿಡಿ ವೆಂಕಟಸ್ವಾಮಿ. ಮತ್ತೆ ಅಳೀಬೇಕು ಅಂತ ನಾವು ಕೋರ್ಟಿಗೆ ಹೋಗ್ತೀವಿ. ಅಷ್ಟು ಟೈಮ್ ಸಿಕ್ಕಿದ್ರೆ ಸಾಕು."

ಅಂದರೆ ತನ್ನ ಯಂತ್ರ ಸುಳ್ಳು ಹೇಳಿತೆಂದು ತಾನೇ ಊರ ಮುಂದೆ ಹೇಳಬೇಕು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಒಗೆದ ಶರ್ಟು ಹಾಕಿಕೊಂಡು ಸಭೆಗೆ ಹೋದ. ಮೈಕು ಹಿಡಿದು ಹೇಳಿದ.

"ಆವತ್ತು ಸೌಂಡರ್ ಸೆಟ್ಟಿಂಗ್ ನಾನೇ ತಪ್ ಮಾಡ್ದೆ. ಆಳ ಕಮ್ಮಿ ತೋರ್ಸಿದೆ. ಆ ಅಳತೆ ನಂಬ್ಬೇಡಿ."

ಪ್ರಸನ್ನ ಕೋಪ ಮಾಡಿಕೊಳ್ಳಲಿಲ್ಲ. ನಿಧಾನವಾಗಿ ಫೈಲು ತೆರೆದು, ತಟ್ಟೆ ಇಳಿಬಿಟ್ಟು ಪರೀಕ್ಷಿಸಿದ ಹಾಳೆಯನ್ನು ಎತ್ತಿ ತೋರಿಸಿದ. ಅರ್ಧ ಮೀಟರಿಗೆ ಅರ್ಧ, ಒಂದಕ್ಕೆ ಒಂದು, ಪಕ್ಕದಲ್ಲಿ ಫೋಟೋ, ಕೆಳಗೆ ಸಹಿ.

"ಈ ಸಹಿ ನಿಮ್ದೇ ತಾನೇ?"

"ನಂದೇ."

"ನೋಡಿ, ಇವ್ರು ದೊಡ್ ಮನುಷ್ಯರು. ಇದು ಇವರ ತಾಯಿ ಊರಿನ ಕೆರೆ, ಅದ್ಕೆ ಭಾವುಕರಾಗಿದ್ದಾರೆ, ತಪ್ಪು ತಿಳ್ಕೋಬೇಡಿ. ಇಪ್ಪತ್ತೆರಡು ವರ್ಷದಲ್ಲಿ ವೆಂಕಟಸ್ವಾಮಿಯವರ ಅಳತೆ ಒಂದ್ ಸಲಾನೂ ತಪ್ಪಾಗಿಲ್ಲ. ಇಂಥ ಪ್ರಾಮಾಣಿಕರು ಈಗ ಎಲ್ಲಿ ಸಿಗ್ತಾರೆ?"

ಸಭೆ ಚಪ್ಪಾಳೆ ತಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಕಂಪನಿಯವರಾಗಲಿ ಮನೆಯವರಾಗಲಿ ಆಡದ ಹೊಗಳಿಕೆ ಅವನಿಗೆ ಅಲ್ಲಿ, ಆ ಬಾಯಿಂದ ಸಿಕ್ಕಿತು. ಜೀವಮಾನದಲ್ಲಿ ಹೇಳಿದ ಒಂದೇ ಒಂದು ಸುಳ್ಳನ್ನು ಒಬ್ಬರೂ ನಂಬಲಿಲ್ಲ. ಆಕ್ಷೇಪಣೆ ತಳ್ಳಿಹಾಕಿದ್ದಾಗಿ ಬರೆದುಕೊಂಡರು. ಬಿಸ್ಕತ್ತು, ಟೀ ಕೊಟ್ಟರು.

ಹೊರಗೆ ಸೀತಮ್ಮ ಆಟೋಗೆ ಕಾಯುತ್ತಿದ್ದರು. ವೆಂಕಟಸ್ವಾಮಿ ಹತ್ತಿರ ಹೋಗಿ ನಿಂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ, ಮೆಲ್ಲಗೆ ಕೇಳಿದರು.

"ಆವತ್ತು ಆ ಪ್ರಸನ್ನ ಹೇಳ್ದಂಗೇ ಒಂದು ಎಂಬತ್ತು ಅಂತ ಹಾಕಿದ್ದಿದ್ರೆ, ಕಾಗದದ ಮೇಲಾದ್ರೂ ನಮ್ಮ ಕೆರೆಗೆ ಆಳ ಇರ್ತಿತ್ತು. ಅಲ್ವೇ?"

ಹೌದು, ಇರುತ್ತಿತ್ತು. ಅದು ಅವನಿಗೆ ನೋಟೀಸು ಬಂದ ದಿನವೇ ಹೊಳೆದಿತ್ತು.