ಗೇರ್ ಬೀಳದ ಕಾರು

ಅಪ್ಪನಿಗೆ ಲಕ್ವಾ ಹೊಡೆದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಾನ್ವಿಯಲ್ಲಿ ಅವನದೊಂದು ಬಾಡಿಗೆ ಕಾರು. ದೇವದುರ್ಗಕ್ಕೆ ಮದುವೆಯವರಿರಲಿ, ರಾಯಚೂರಿನ ದವಾಖಾನೆಗೆ ಹೆರಿಗೆಯವರಿರಲಿ, ಯಾರು ಕರೆದರೂ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಕೆಲ ತಿಂಗಳಿಗೆ ಮಾತು, ಕಾಲು ಮೊದಲಿನಂತಾದವು. ಎಡಗೈ ಮಾತ್ರ ಜೋತುಬಿದ್ದೇ ಉಳಿಯಿತು.

ಅಪ್ಪನ ಪ್ರಕಾರ ಕೆಟ್ಟದ್ದು ಕೈಯಲ್ಲ, ಗೇರು. ಆ ಕಾರಿನಲ್ಲಿ ಗೇರಿನ ಕಡ್ಡಿ ಸ್ಟೇರಿಂಗಿನ ಎಡಕ್ಕೇ ಇತ್ತು. ಅಲ್ಲಿಂದ ರಾಡುಗಳು ಕೆಳಗಿಳಿದು ಗೇರ್ ಬಾಕ್ಸ್ ಮುಟ್ಟುತ್ತಿದ್ದವು. ರಾಡಿನ ಕೀಲಿನಲ್ಲಿ ಉಂಗುರದಂಥ ಬುಶ್. "ಬುಶ್ ಸವದಾವ. ಅದಕ್ಕ ಗೇರ್ ಬೀಳವಲ್ದು," ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲೇ ನನ್ನದು ಖಾರದ ನಾಲಿಗೆ, ಗಾದೆ ಅದರ ತುದಿಗೇ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡೆ. ಗಾಡಿ ಬಿಟ್ಟರೆ ಅವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ರಿಪೇರಿಗೆಂದು ಒಂದು ದಿನ ರಾಯಚೂರಿಗೆ ಹೊರಟೆವು. ಸ್ಟೇರಿಂಗು, ಕ್ಲಚ್ಚು ಅಪ್ಪನವು. ಗೇರು ಪಕ್ಕದಲ್ಲಿ ಕೂತ ನನ್ನದು. ಅವನು "ಹಾಂ, ಹಾಕವ್ವಾ" ಎಂದಾಗ ನಾನು ಕಡ್ಡಿ ಎಳೆಯಬೇಕು. ಕಲ್ಲೂರಿನಲ್ಲಿ ಚಹಾದಂಗಡಿಯ ಮಂದಿ ಎದ್ದು ನಿಂತು ನೋಡಿದರು. ಗೇರು ನನ್ನ ಕೈಗೆ ಸಲೀಸಾಗಿ ಬೀಳುತ್ತಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು? ಬೇಕೆಂದೇ ಒಂದೆರಡು ಸಲ ತಿಣುಕಿದೆ.

"ನೋಡಿದಿ? ಎಷ್ಟ ಬಿಗಿ ಅದ," ಎಂದ ಅಪ್ಪ, ಗೆದ್ದವನ ಹಾಗೆ.

ಅಲ್ಲಿ ಗ್ಯಾರೇಜಿನ ಮಿಸ್ತ್ರಿ ಅಪ್ಪನ ಹಳೆಯ ದೋಸ್ತ. ಬಾನೆಟ್ ಎತ್ತಿ ರಾಡುಗಳನ್ನು ಅಲುಗಾಡಿಸಿ ನೋಡಿದವನೇ ನನ್ನನ್ನು ಆಚೆ ಕರೆದ.

"ಬೇಟಿ, ಗಾಡ್ಯಾಗ ಏನೂ ಇಲ್ಲ. ಬುಶ್ ಛಲೋ ಅದಾವ."

"ಅಪ್ಪಗ ಹೇಳಬ್ಯಾಡ್ರಿ, ಚಾಚಾ."

ಮಿಸ್ತ್ರಿ ತಲೆಯಾಡಿಸಿ ಕಾರಿನ ಕೆಳಗೆ ತೂರಿದ. ಸ್ವಲ್ಪ ಹೊತ್ತು ನಟ್ಟು ತಿರುಗಿಸುವ ಪಾನಾ ಆಡಿಸಿದ ಸದ್ದು ಮಾಡಿ ಎದ್ದುಬಂದ. ನಮ್ಮ ಕಡೆ ಹೊಸ ಸಾಮಾನು ಹಾಕಿದರೆ ಹಳೆಯದನ್ನು ಗಾಡಿಯವನ ಕೈಗಿಡುವ ಪದ್ಧತಿ. ಇಲ್ಲದಿದ್ದರೆ ರಿಪೇರಿ ಆಯಿತೆಂದು ಯಾರೂ ನಂಬುವುದಿಲ್ಲ. ಮಿಸ್ತ್ರಿ ಗುಜರಿ ಡಬ್ಬಿಯಿಂದ ಒಂದು ಸವೆದ ಬುಶ್ ಆರಿಸಿ ಅಪ್ಪನ ಬಲಗೈಗಿಟ್ಟ.

"ನೋಡು, ಹೆಂಗ ತಿಂದು ಹೋಗ್ಯದ."

ಅಪ್ಪ ಅದನ್ನು ಬೆರಳಲ್ಲಿ ತಿರುಗಿಸಿದ. ಮೂಗಿನ ಹತ್ತಿರ ಹಿಡಿದ. ಎಣ್ಣೆಯ ಪಸೆಯೇ ಇರಲಿಲ್ಲ, ಬರೀ ಧೂಳು. ವಾರವಾರವೂ ತಾನೇ ಕೂತು ರಾಡಿಗೆ ಗ್ರೀಸ್ ಹಚ್ಚುತ್ತಿದ್ದವನು ಅವನು.

"ಇದು ನನ್ನ ಗಾಡೀದಲ್ಲ," ಎಂದ.

ಮಿಸ್ತ್ರಿ ನೆಲ ನೋಡಿದ.

"ಹಂಗಾರ ನನ್ನ ಗಾಡಿಗೆ ಏನೂ ಆಗಿಲ್ಲ."

ಅಪ್ಪ ನಮ್ಮಿಬ್ಬರನ್ನೂ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲಿಲ್ಲ. ಬುಶ್ಶನ್ನೂ ಕಾರಿನ ಚಾವಿಯನ್ನೂ ಮಿಸ್ತ್ರಿಗೆ ಕೊಟ್ಟು, "ಊರಿಗೆ ನೀನ ಬಿಟ್ಟು ಬಾ," ಎಂದ. ಹಿಂದಿನ ಬಾಗಿಲು ತೆಗೆದು ಬಾಡಿಗೆಯವರ ಸೀಟಿನಲ್ಲಿ ಕೂತ. ತನ್ನ ಕಾರಿನಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ಅಳು ತಡೆಯಲಾಗದೆ ನಾನು ಪಕ್ಕದಲ್ಲಿ ಕೂತು ಅವನ ಎಡಗೈ ಹಿಡಿದುಕೊಂಡೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ.