ಲೆಕ್ಕಕ್ಕೆ ಬಾರದ ನೆಲ

೧೯೭೪ರಲ್ಲಿ ನಾನು ಶಹಾಬಾದಿನ ಒಂದು ಕಲ್ಲುಗಣಿಯ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಯಾವ ಗಾಡಿ ಎಷ್ಟು ಭಾರ ಎಳೆಯುತ್ತದೆ ಎಂಬುದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದೆ. ಜಂಬವೆಂದರೆ ಜಂಬ ಅನ್ನಿ, ಆದರೆ ಅದು ಸುಳ್ಳು ಜಂಬವಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಹೊರಟ ಒಂದು ಗಾಡಿಯೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ.

ವಾಡಿಯಲ್ಲಿ ಫೋಟೋ ತೆಗೆಯುತ್ತಿದ್ದ ರೆಹಮಾನ್ ಸಾಬ್ ಆ ವರ್ಷ ಒಂದು ಹಳೆಯ ಪಿಕಪ್ ಕೊಂಡು ನನ್ನ ಬಳಿ ಬಂದ. ಪಿಕಪ್ಪಿನ ಹಿಂದೆ ಚಕ್ರದ ಮೇಲೊಂದು ಮನೆ ಬೇಕಂತೆ. ಹೆಂಡತಿ ಜೈನಾಬಿ, ಇಬ್ಬರು ಹೆಣ್ಣುಮಕ್ಕಳು ಅದರಲ್ಲೇ ಇರುವುದು, ಚಿತ್ತಾಪುರ, ಸೇಡಂ, ಚಿಂಚೋಳಿಯ ಸಂತೆಗಳಲ್ಲಿ ಫೋಟೋ ತೆಗೆದು ಅಲ್ಲೇ ತೊಳೆದುಕೊಡುವುದು. ಬಾಡಿಗೆ ಮನೆಯನ್ನು ಆಗಲೇ ಬಿಟ್ಟುಕೊಟ್ಟಿದ್ದ. ಮಾಲೀಕರ ಅನುಮತಿ ಪಡೆದು, ರಜೆಯ ದಿನಗಳಲ್ಲಿ ಮಾಡಿಕೊಡಲು ಒಪ್ಪಿದೆ.

ಪಿಕಪ್ಪಿನ ಕಾಗದದ ಪ್ರಕಾರ ಅದು ಎಳೆಯಬಹುದಾದದ್ದು ಸಾವಿರ ಕಿಲೋ. ಟ್ರೇಲರಿಗೆ ತನ್ನದೇ ಬ್ರೇಕ್ ಇರಲಿಲ್ಲ, ಆದ್ದರಿಂದ ಎಳೆಯುವ ಹೊಣೆಯ ಜೊತೆಗೆ ನಿಲ್ಲಿಸುವ ಹೊಣೆಯೂ ಪಿಕಪ್ಪಿನದೇ. ಭಾರ ಮಿತಿ ಮೀರಿದರೆ ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ನೂಕಿಕೊಂಡು ಹೋಗುತ್ತದೆ. ಚಾಸಿ, ಚಕ್ರ ಸೇರಿ ಮುನ್ನೂರ ಅರವತ್ತು ಕಿಲೋ, ಹಲಗೆ, ತಗಡು ಇನ್ನೂರ ತೊಂಬತ್ತು, ಮನೆಯ ಸಾಮಾನು ಇನ್ನೂರ ಐವತ್ತು. ಒಟ್ಟು ಒಂಬೈನೂರು. ನೂರು ಕಿಲೋ ಕೈಯಲ್ಲಿತ್ತು. ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಟ್ರೇಲರ್ ಕಟ್ಟಿ, ಸಾಮಾನಿನ ಮಿತಿ ಹೇಳಿ ಒಪ್ಪಿಸಿದೆ. ಒಳಗಿನ ಕೆಲಸವನ್ನು ಅವರು ವಾಡಿಯಲ್ಲಿ ಮಾಡಿಸಿಕೊಂಡರು.

ಒಂದು ತಿಂಗಳಾದ ಮೇಲೆ, ಹೊರಡುವ ಮುನ್ನ ಒಮ್ಮೆ ನೋಡಿಬಿಡಿ ಎಂದು ಕುಟುಂಬ ಸಮೇತ ಬಂದರು. ಜೈನಾಬಿ ಒಳಗೆ ಕರೆದು ಚಹಾ ಕೊಟ್ಟಳು. ಚಪ್ಪಲಿ ಕಳಚಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕುಡಿದೆ. ಹೊರಗೆ ಬಂದು ಕೊಂಡಿ ಅಲ್ಲಾಡಿಸಿ ನೋಡಿದೆ. ಪಿಕಪ್ಪಿನ ಹಿಂಭಾಗ ತುಸು ಕುಸಿದಂತೆ ಕಂಡಿತು.

“ಏನೇನ್ ಸಾಮಾನ್ ಹಾಕೀರಿ?” ಎಂದೆ.

“ಭಾಳ ಏನಿಲ್ರಿ ಫೋರ್‌ಮನ್ ಸಾಬ್. ಎರಡು ಗಾದಿ, ಒಂದು ಸ್ಟವ್, ಭಾಂಡೆ, ಕ್ಯಾಮೆರಾ ಪೆಟ್ಟಿಗಿ. ನೀವ್ ಹೇಳಿದಷ್ಟ.”

ಹಳೆಯ ಸ್ಪ್ರಿಂಗ್ ಪಟ್ಟಿ, ಕುಸಿಯುವುದು ಸಹಜ ಅಂದುಕೊಂಡೆ. “ಹೋಗಿ ಬರ್ರಿ” ಎಂದೆ. ಅಮ್ಮ, ಮಕ್ಕಳು ಟ್ರೇಲರಿನಲ್ಲೇ ಕೂತರು.

ಗೇಟಿನ ಬಳಿ ದಾರಿ ತುಸು ಇಳಿಜಾರು. ಎದುರಿಗೆ ಕಲ್ಲಿನ ಲಾರಿ ಬಂತು. ರೆಹಮಾನ್ ಬ್ರೇಕ್ ತುಳಿದ. ಪಿಕಪ್ಪಿನ ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ! ಟ್ರೇಲರ್ ಅದನ್ನು ಹದಿನೈದು ಅಡಿ ನೂಕಿಕೊಂಡು ಹೋಗಿ ಲಾರಿಗೆ ಒಂದು ಗೇಣು ಇರುವಾಗ ನಿಂತಿತು. ಒಳಗಿನಿಂದ ಮಕ್ಕಳು ಚೀರಿದರು. ನಾನು ಗೇಟಿಗೆ ಓಡಿದೆ. ಇದು ಗೇಟಿನ ಇಳಿಜಾರು. ಸೇಡಂ ದಾರಿಯ ಮಳಖೇಡದಲ್ಲಿ ಕಾಗಿಣಾ ನದಿಯ ಸೇತುವೆಗೆ ಇಳಿಯುವಾಗ ಹೀಗಾಗಿದ್ದರೆ?

ಅಮ್ಮ, ಮಕ್ಕಳನ್ನು ಇಳಿಸಿ, ಟ್ರೇಲರನ್ನು ಬಿಚ್ಚಿಸಿ ಗಣಿಯ ಕಾಟಾದ ಮೇಲೆ, ಅಂದರೆ ಲಾರಿ ತೂಗುವ ಕಟ್ಟೆಯ ಮೇಲೆ, ಹತ್ತಿಸಿದೆ. ಸಾವಿರದ ಆರುನೂರ ನಲವತ್ತು ಕಿಲೋ!

ಸಿಟ್ಟು ನೆತ್ತಿಗೇರಿತು. “ಸುಳ್ಳ್ ಹೇಳ್ತೀಯಲ್ಲೋ ಮಾರಾಯ! ಏಳುನೂರು ಕಿಲೋ ಎಲ್ಲಿ ಅಡಗಿಸಿಟ್ಟೀ?”

ರೆಹಮಾನ್ ಅಲ್ಲಾನ ಆಣೆ ಮಾಡಿದ. ಗಾದಿ, ಪೆಟ್ಟಿಗೆ ಎಲ್ಲವನ್ನೂ ಇಳಿಸಿದೆವು. ಆದರೂ ಕಾಟಾ ಸಾವಿರದ ಮುನ್ನೂರ ಎಂಬತ್ತರ ಕೆಳಗೆ ಇಳಿಯಲೊಲ್ಲದು. ನಾನು ಬರಿಗಾಲಲ್ಲಿ ಖಾಲಿ ಟ್ರೇಲರಿನ ನಡುವೆ ನಿಂತೆ. ಪಾದ ತಣ್ಣಗಿತ್ತು. ಬಗ್ಗಿ ನೋಡಿದೆ. ಅಯ್ಯೋ ಶಿವನೇ, ಫರಸಿ! ನೆಲಕ್ಕೆ ಹಾಸುವ ಅಪ್ಪಟ ಶಹಾಬಾದ್ ಕಲ್ಲು, ಒಂದಿಂಚು ದಪ್ಪ, ಗಚ್ಚಿನಲ್ಲಿ ಕೂರಿಸಿ ಉಜ್ಜಿ ಹೊಳಪು ಕೊಟ್ಟಿದ್ದರು.

“ಇದನ್ನ್ಯಾಕ ಹೇಳಲಿಲ್ಲ?”

ಜೈನಾಬಿ ಕಣ್ಣರಳಿಸಿ ನೋಡಿದಳು. “ನೀವು ಸಾಮಾನ್ ಕೇಳಿದ್ರಿ ಅಣ್ಣಾರ. ನೆಲಾ ಸಾಮಾನೇನ್ರಿ? ಫರಸಿ ಇಲ್ದ ಅದು ಮನಿ ಹ್ಯಾಂಗಾಗ್ತದ? ನಮ್ಮ ಅಬ್ಬಾ ತಮ್ಮ ಕೈಲೆ ಕಡದು ಕೂಡಿಸ್ಯಾರ.”

ಅವಳನ್ನು ಏನೆಂದು ಬೈಯಲಿ? ಫರಸಿಯ ಮೇಲೆ ಹುಟ್ಟಿ, ಫರಸಿ ತೂಗಿಯೇ ಸಂಬಳ ತೆಗೆದುಕೊಳ್ಳುವ ನಾನು ಅದರ ಮೇಲೆ ಕೂತು ಚಹಾ ಕುಡಿದು ಎದ್ದುಬಂದಿದ್ದೆ. ನನಗೂ ಅದು ಬರೀ ನೆಲವಾಗಿತ್ತು. ಕಲ್ಲು, ಅದರಡಿಯ ಗಚ್ಚು ಎರಡೂ ಸೇರಿ ಏಳುನೂರು ಕಿಲೋ ದಾಟಿತ್ತು.

ಕೀಳಬೇಕು ಎಂದೆ. ರೆಹಮಾನ್ ಹೆಂಡತಿಯ ಮುಖ ನೋಡಿದ. ಅವಳು ಮಕ್ಕಳನ್ನು ಒಮ್ಮೆ ನೋಡಿ, ಸೆರಗು ಸಿಕ್ಕಿಸಿ, “ಹಾರಿ ಕೊಡ್ರಿ” ಎಂದಳು. ಹಾರೆ ಮೀಟಿ ಮೊದಲ ಕಲ್ಲನ್ನು ತಾನೇ ಎಬ್ಬಿಸಿದಳು, ಅಳುತ್ತಲೇ. ಮಧ್ಯಾಹ್ನದ ಹೊತ್ತಿಗೆ ನೆಲವೆಲ್ಲ ಬಯಲಾಯಿತು. ಸಾಮಾನು ಮತ್ತೆ ಹೇರಿ ತೂಗಿದೆವು. ಒಂಬೈನೂರ ಹತ್ತು.

“ಒಂದ ಕಲ್ಲು ಇಟ್ಕೋಲೇನ್ರಿ?” ಎಂದು ಜೈನಾಬಿ ಕೇಳಿದಳು.

ಕಾಗದ ತೆಗೆದು ಲೆಕ್ಕ ಹಾಕಿದೆ. ಎರಡಡಿ ಚೌಕದ ಕಲ್ಲು ಇಪ್ಪತ್ನಾಲ್ಕು ಕಿಲೋ. ಟ್ರೇಲರಿನ ಭಾರದಲ್ಲಿ ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ಅದು ಹಾವಿನಂತೆ ಓಲಾಡುತ್ತದೆ. ಆದ್ದರಿಂದ ಕಲ್ಲನ್ನು ಮುಂಭಾಗದಲ್ಲಿ, ಸ್ಟವ್ ಇಡುವ ಜಾಗದಲ್ಲಿ ಕೂರಿಸಿದೆ. ಟ್ರೇಲರಿನೊಳಗೆ ಯಾರೂ ಕೂರಕೂಡದೆಂದು ತಾಕೀತು ಮಾಡಿ ತಾಯಿ, ಮಕ್ಕಳನ್ನು ಪಿಕಪ್ಪಿನ ಮುಂದೆ ಹತ್ತಿಸಿದೆ. ನಾನೂ ಹಿಂದಿನ ತೊಟ್ಟಿಯಲ್ಲಿ ನಿಂತು ಮಳಖೇಡದವರೆಗೆ ಹೋದೆ.

ಅಂದಿನಿಂದ ಯಾರನ್ನೂ ನಾನು ಸಾಮಾನು ಏನಿದೆ ಎಂದು ಕೇಳಿಲ್ಲ. ಮೊದಲು ಕಾಟಾದ ಮೇಲೆ ಹತ್ತಿಸಿ, ಮಾತು ಆಮೇಲೆ. ನನ್ನ ಕಣ್ಣಳತೆಯನ್ನೂ ಈಗ ನಂಬುವುದಿಲ್ಲ.

ಅಂದು ಕಾಗಿಣಾ ಇಳಿಜಾರಿನ ನಡುವೆ ರೆಹಮಾನ್‌ಗೆ ಬ್ರೇಕ್ ತುಳಿಯಲು ಹೇಳಿದೆ. ಗಾಡಿ ನಿಂತಲ್ಲೇ ನಿಂತಿತು. ಜೈನಾಬಿ ಇಳಿದು ಬಂದು ಎರಡೂ ಕೈ ಮುಗಿದಳು. “ಮಕ್ಕಳ ಜೀವಾ ಉಳಿಸಿದ್ರಿ ಅಣ್ಣಾರ.”

“ಕೈ ಮುಗೀಬ್ಯಾಡ ತಂಗಿ,” ಎಂದೆ. “ಮುಂಜಾನಿ ‘ಹೋಗಿ ಬರ್ರಿ’ ಅಂದಾಂವ ನಾನ.”