ಯಮುನಮ್ಮನವರ ಬೆವರುವ ಕಲ್ಲು

ಕೊರೊನಾ ಕಾಲ ಮುಗಿದ ಮೇಲಿನ ಎರಡನೇ ಮಳೆಗಾಲ. ಚೆನ್ನೈನ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೋಹ ಪರೀಕ್ಷೆ ಮಾಡಿ, ಹಿರಿಯ ಕೆಮಿಸ್ಟ್ ಆಗಿ ನಿವೃತ್ತಳಾಗಿ ಆಗ ಏಳು ತಿಂಗಳಾಗಿತ್ತು. ಅಣ್ಣಾ ನಗರ್‌ನ ನನ್ನ ಮನೆಯಲ್ಲಿ ಇಪ್ಪತ್ತಮೂರು ಉಲ್ಕಾಶಿಲೆಗಳಿವೆ. ಹೆಚ್ಚಿನವು ಬೆರಳಿನ ಗಾತ್ರದವು, ವಿದೇಶದ ಮಾರಾಟಗಾರರಿಂದ ತರಿಸಿಕೊಂಡವು. ಇವು ಆಕಾಶದಿಂದ ಬೀಳುವಾಗ ಹಾಳಾಗುವುದಕ್ಕಿಂತ ಹೆಚ್ಚಾಗಿ, ಬಿದ್ದ ಮೇಲೆ ನಮ್ಮ ಗಾಳಿ ನೀರಿನಲ್ಲಿ ಹಾಳಾಗುತ್ತವೆ. ನನ್ನ ಕಲ್ಲುಗಳ ತುಕ್ಕು ತೆಗೆಯುತ್ತಾ ಕೈ ಪಳಗಿದ ಮೇಲೆ ಬೇರೆ ಸಂಗ್ರಾಹಕರೂ ತಮ್ಮವನ್ನು ತಂದುಕೊಡತೊಡಗಿದರು. ಹೀಗೆ ಹವ್ಯಾಸವೇ ನನ್ನ ಎರಡನೆಯ ವೃತ್ತಿಯಾಯಿತು.

ಈಗ ಬರೆಯುತ್ತಿರುವ ಪ್ರಕರಣದಲ್ಲಿ ಎಂಬತ್ತೆರಡು ವರ್ಷದ ಒಬ್ಬ ಹೆಂಗಸಿನ ಜೀವ ಹೋಗಬೇಕಿತ್ತು. ಹೋಗಲಿಲ್ಲ. ಉಳಿಸಿದವಳು ನಾನು ಎಂದು ಅವರ ಮಗ ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ. ಅದು ನಿಜವಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗನ ಹೆಸರು ವಾದಿರಾಜ. ಉಡುಪಿ ಕಡೆಯವರು, ಪುರಸೈವಾಕ್ಕಂನಲ್ಲಿ ತಂದೆಯ ಕಾಲದಿಂದ ನಡೆಸುತ್ತಿರುವ ಸಸ್ಯಾಹಾರಿ ಹೋಟೆಲು. ಹೋಟೆಲಿನ ಹಿಂದೆಯೇ ಮನೆ. ಫೋನಿನಲ್ಲಿ ಅವರು ಸುತ್ತು ಬಳಸದೆ ಹೇಳಿದರು: "ಮೇಡಂ, ನಮ್ಮ ದೇವರ ಕೋಣೆಯಲ್ಲಿ ಒಂದು ಕಲ್ಲು ಉಂಟು. ಎರಡು ತಿಂಗಳಿಂದ ಅದಕ್ಕೆ ರಕ್ತ ಬರ್ತಾ ಉಂಟು."

ನಾನು ನಕ್ಕೆ. ಅವರು ನಗಲಿಲ್ಲ.

ಹೋಗಿ ನೋಡಿದೆ. ಸಾಲಿಗ್ರಾಮಗಳ ಪಕ್ಕದಲ್ಲಿ, ಬಿಳಿ ರೇಷ್ಮೆ ವಸ್ತ್ರದ ಮೇಲೆ, ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಲ್ಲು. ಮೈತುಂಬ ಹೆಬ್ಬೆರಳು ಒತ್ತಿದಂಥ ಗುಳಿಗಳು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ ಹನ್ನೊಂದು ಕಿಲೋ ನಾನೂರು ಗ್ರಾಂ ತೂಗಿತು. ಅಷ್ಟು ಚಿಕ್ಕ ಕಲ್ಲಿಗೆ ಅಷ್ಟು ಭಾರ ಬರುವುದು ಅದು ಕಬ್ಬಿಣವಾದಾಗ ಮಾತ್ರ. ವಾದಿರಾಜರ ತಂದೆ ಮೂವತ್ತು ವರ್ಷಗಳ ಹಿಂದೆ ಪ್ಯಾರೀಸ್ ಕಾರ್ನರ್‌ನ ಒಂದು ಹಳೇ ಕಬ್ಬಿಣದ ಅಂಗಡಿಯಲ್ಲಿ ಅದನ್ನು ಕಂಡು, ಆಕಾಶದಿಂದ ಬಿದ್ದದ್ದೆಂದು ಅಂಗಡಿಯವನು ಹೇಳಿದ ಮಾತನ್ನು ನಂಬಿ, ತಲೆಯ ಮೇಲೆ ಹೊತ್ತು ತಂದಿದ್ದರಂತೆ. ಅಂಗಡಿಯವನು ಹೇಳಿದ್ದು ನಿಜವೇ ಆಗಿತ್ತು.

ಕಲ್ಲಿನ ಗುಳಿಗಳಲ್ಲಿ ಸಾಸಿವೆ ಗಾತ್ರದ ಹನಿಗಳು ಎದ್ದಿದ್ದವು. ಕೆಲವು ಕಂದು, ಕೆಲವು ಕಡುಕೆಂಪು. ಒಂದು ಹನಿ ನನ್ನ ಕಣ್ಣೆದುರೇ ಉಬ್ಬಿ, ಜಾರಿ, ರೇಷ್ಮೆಯ ಮೇಲೆ ಹರಡಿತು. ಕಾರಣ ನನಗೆ ಗೊತ್ತಿತ್ತು. ಕಬ್ಬಿಣದ ಉಲ್ಕೆಯ ಸಣ್ಣ ಬಿರುಕುಗಳಲ್ಲಿ ಉಪ್ಪಿನ ಅಂಶ, ಅಂದರೆ ಕ್ಲೋರೈಡ್ ಸೇರಿದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ಹೀಗೆ ಬೆವರುತ್ತದೆ. ಬೆವರಿದಷ್ಟೂ ಒಳಗೆ ತುಕ್ಕು. ಕೊನೆಗೆ ಕಲ್ಲು ಪದರ ಪದರವಾಗಿ ಬಿಚ್ಚಿಕೊಂಡು ಪುಡಿಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದರೂ ಆ ಹನಿ ಜಾರಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಯಮುನಮ್ಮ, ವಾದಿರಾಜರ ತಾಯಿ, ಬಾಗಿಲ ಬಳಿ ಮಣೆಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಓದಿದ್ದು ನೀನು?"

"ಎಂ.ಎಸ್‌ಸಿ. ಅಮ್ಮ. ಕೆಮಿಸ್ಟ್ರಿ."

"ಅಷ್ಟು ಓದಿ ಕಲ್ಲು ತೊಳೀಲಿಕ್ಕೆ ಬಂದದ್ದಾ ಮಾರಾಯ್ತಿ? ಅದು ನಾನು ಮೂವತ್ತು ವರ್ಷದಿಂದ ಮಾಡ್ತಾ ಇದ್ದೇನೆ. ಏಳನೇ ಕ್ಲಾಸು."

ವಾದಿರಾಜರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮನೆಯಲ್ಲಿ ಒಂದು ಸಾವಿದೆ, ಕಲ್ಲು ಅದನ್ನೇ ಹೇಳುತ್ತಿದೆ, ಆ ಸಾವು ತನ್ನದೇ ಎಂದು ತಾಯಿ ತೀರ್ಮಾನಿಸಿಬಿಟ್ಟಿದ್ದರಂತೆ. ಊಟ ಒಂದು ಹೊತ್ತಿಗೆ ಇಳಿದಿತ್ತು. ಸೀರೆಗಳನ್ನು ಸೊಸೆಗೂ ಮೊಮ್ಮಗಳಿಗೂ ಹಂಚಿ ಆಗಿತ್ತು. "ಕಲ್ಲು ಹೋದ್ರೆ ಹೋಗ್ಲಿ ಮೇಡಂ," ಎಂದರು. "ಅದು ನಿಲ್ಲದಿದ್ರೆ ಅಮ್ಮ ಹೋಗಿಬಿಡ್ತಾರೆ."

ಹಿತ್ತಲಿನಲ್ಲಿ ಒಂದು ಬಾವಿ ಇತ್ತು. ನಲ್ಲಿ ನೀರು ಮಡಿಗೆ ಆಗುವುದಿಲ್ಲವೆಂದು ಯಮುನಮ್ಮ ಮೂವತ್ತು ವರ್ಷವೂ ಆ ಬಾವಿಯ ನೀರಿನಿಂದಲೇ ಕಲ್ಲಿಗೆ ಅಭಿಷೇಕ ಮಾಡಿದ್ದರು. ಒಂದು ಪರೀಕ್ಷಾ ನಳಿಕೆಯಲ್ಲಿ ಆ ನೀರು ತೆಗೆದು ಒಂದು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದೆ. ಕ್ಲೋರೈಡ್ ಇದ್ದರೆ ನೀರು ಬೆಳ್ಳಗಾಗುತ್ತದೆ. ಅದು ಹಾಲಿನಂತಾಯಿತು. ಆ ಬಾವಿ ಯಾವಾಗಲೋ ಉಪ್ಪಾಗಿತ್ತು. ದಿನಕ್ಕೊಂದು ತಂಬಿಗೆಯಂತೆ ಅವರೇ ಕಲ್ಲಿಗೆ ರೋಗ ಉಣಿಸಿದ್ದರು.

ಇದನ್ನು ಅವರಿಗೆ ಹೇಳಲಿಲ್ಲ. ಸಾಯುವುದಕ್ಕೆ ಸಿದ್ಧರಾಗಿ ಕೂತಿರುವವರಿಗೆ ಹೇಗೆ ಹೇಳುವುದು?

ನನ್ನ ವಿಧಾನ ಸರಳ. ಪ್ಲಾಸ್ಟಿಕ್ ಟಬ್ಬಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು; ನಡುವೆ ಕಲ್ಲು, ಸುತ್ತ ನಾಲ್ಕು ಕಬ್ಬಿಣದ ಸರಳು. ಕಾರಿನ ಬ್ಯಾಟರಿ ಚಾರ್ಜರ್‌ನಿಂದ ಕಲ್ಲಿಗೆ ಒಂದು ವೈರು, ಸರಳುಗಳಿಗೆ ಇನ್ನೊಂದು. ಸಣ್ಣ ಕರೆಂಟು ಹರಿಯುತ್ತಿದ್ದಂತೆ ತುಕ್ಕು ಸಡಿಲವಾಗಿ ಬೀಳುತ್ತದೆ, ಉಪ್ಪು ಕಲ್ಲಿನಿಂದ ಹೊರಬರುತ್ತದೆ. ಆ ಹೊತ್ತಿನಲ್ಲಿ ಕಲ್ಲಿನ ಮೈಯಿಂದ ಹೈಡ್ರೋಜನ್, ಸರಳುಗಳಿಂದ ಆಕ್ಸಿಜನ್ ಗುಳ್ಳೆಗಳಾಗಿ ಏಳುತ್ತವೆ. ಬಯಲಲ್ಲಾದರೆ ಎರಡೂ ಗಾಳಿಯಲ್ಲಿ ಚದುರಿಹೋಗುತ್ತವೆ. ನಾನು ಯಾವಾಗಲೂ ತಾರಸಿಯ ಮೇಲೆ ಮಾಡುತ್ತಿದ್ದೆ.

ಆದರೆ ಕಲ್ಲು ಮನೆಯ ಹೊಸಿಲು ದಾಟಬಾರದೆಂದು ಯಮುನಮ್ಮ ಹಟ ಹಿಡಿದರು. ಹಾಗಾಗಿ ದೇವರ ಕೋಣೆಗೆ ಅಂಟಿದ ಉಗ್ರಾಣದಲ್ಲಿ, ಕಿಟಕಿ ತೆರೆದಿಟ್ಟು, ನಲವತ್ತು ಲೀಟರಿನ ಟಬ್ ಇಟ್ಟೆ. ಗಾಳಿಯಾಡಬೇಕು, ಕಿಟಕಿ ಮುಚ್ಚಬಾರದು, ಟಬ್ಬಿಗೆ ಏನನ್ನೂ ಮುಚ್ಚಬಾರದು ಎಂದು ವಾದಿರಾಜರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ.

"ಸರಿ ಮೇಡಂ, ಕಂಡಿಪ್ಪಾ, ಖಂಡಿತ ನೋಡ್ಕೊಳ್ತೇನೆ," ಎಂದು ಅವರು ಹೋಟೆಲಿಗೆ ಓಡಿದರು.

ಯಮುನಮ್ಮ ನನ್ನ ಸೆರಗು ಹಿಡಿದು ಕೇಳಿದರು: "ಅದರಲ್ಲಿ ಎಂತ ಹಾಕಿದ್ದು?"

"ನೀರು ಮತ್ತೆ ಬಟ್ಟೆ ಸೋಡಾ ಅಷ್ಟೇ ಅಮ್ಮ. ಭಯಪಡೋದು ಏನೂ ಇಲ್ಲ."

ಈ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಆಡಿದ್ದೇನೆಂದು ಲೆಕ್ಕವಿಲ್ಲ.

ಎರಡನೇ ದಿನ ಸಂಜೆ ಹೋದಾಗ ನೀರು ಕಂದಾಗಿ, ಮೇಲೆ ನೊರೆ ಕಟ್ಟಿತ್ತು. ಕಲ್ಲು ಕಾಣುತ್ತಿರಲಿಲ್ಲ. ಸಣ್ಣಗೆ, ಎಡೆಬಿಡದೆ, ಸುಸ್ಸೆನ್ನುವ ಶಬ್ದ. ಯಮುನಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ಮಧ್ಯಾಹ್ನ ಎಲ್ಲರೂ ಹೋಟೆಲಿಗೆ ಹೋಗ್ತಾರೆ. ನಾನು, ಅದು, ಇಬ್ಬರೇ," ಎಂದರು. "ಅದು ಉಸಿರು ಬಿಡ್ತದೆ ಮಗಾ. ಬರೀ ಬಿಡ್ತದೆ. ತಕ್ಕೊಳ್ಳುದು ಕೇಳುದಿಲ್ಲ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಟಬ್ಬು ಗಾಳಿ ಬಿಡುತ್ತಿತ್ತು, ಬರೀ ಬಿಡುತ್ತಿತ್ತು. ನಾನು ಅವರ ಬೆನ್ನು ಸವರಿ, ಗುಳ್ಳೆಯ ಸದ್ದು ಅಮ್ಮ ಎಂದು ಹೊರಟುಬಂದೆ.

ಮೂರನೇ ದಿನ ಬೆಳಗಿನಿಂದ ಮಳೆ. ಸಂಜೆ ಐದೂ ಮುಕ್ಕಾಲಿಗೆ ನಾನು ಮನೆಯೊಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ನಿಶ್ಶಬ್ದ. ಸುಸ್ಸೆನ್ನುವ ಸದ್ದು ಇರಲಿಲ್ಲ. ವಾದಿರಾಜರು ಹಜಾರದಲ್ಲಿ ಫೋನಿನಲ್ಲಿದ್ದರು. ಉಗ್ರಾಣದ ಬಾಗಿಲಿಗೆ ಹೋದೆ. ಮಳೆ ಎರಚುತ್ತದೆಂದು ಕಿಟಕಿ ಮುಚ್ಚಿತ್ತು. ಟಬ್ಬಿನ ಮೇಲೆ ಹೋಟೆಲಿನ ಒಂದು ದೊಡ್ಡ ಸ್ಟೀಲ್ ತಟ್ಟೆ ಕವಿಚಿತ್ತು. ಕಡುಬು ಬೇಯಿಸುವಾಗ ಆವಿ ಹೋಗದಂತೆ ಪಾತ್ರೆಯ ಬಾಯಿಗೆ ಸುತ್ತುತ್ತಾರಲ್ಲ, ಹಾಗೆ ಅಂಚಿನ ಸುತ್ತ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಆ ಗಂಟಿನಡಿಯಿಂದ ನನ್ನ ಎರಡು ವೈರುಗಳು ಹೊರಗೆ ಇಣುಕುತ್ತಿದ್ದವು. ಚಾರ್ಜರಿನ ಹಸಿರು ದೀಪ ಉರಿಯುತ್ತಲೇ ಇತ್ತು.

ದೇವರ ಕೋಣೆಯ ಕಡೆಯ ಬಾಗಿಲಿನಿಂದ ಯಮುನಮ್ಮ ಬಂದರು. ಕೈಯಲ್ಲಿ ಹಚ್ಚಿದ ಹಿತ್ತಾಳೆಯ ದೀಪ.

"ಇದನ್ನು ಯಾರು ಮುಚ್ಚಿದ್ದು ಅಮ್ಮ?"

"ನಾನೇ. ಬೆಳಿಗ್ಗೆ ಎಂಟು ಗಂಟೆಗೆ. ನಿಂತ ನೀರು ಹಾಗೆ ಬಿಟ್ರೆ ಸೊಳ್ಳೆ ಮರಿ ಹಾಕ್ತದೆ. ಹೋದ ವರ್ಷ ಮೊಮ್ಮಗಳು ಪುಟ್ಟಿಗೆ ಡೆಂಗ್ಯೂ ಆಗಿ ನಾವು ಪಟ್ಟ ಪಾಡು ನಿಂಗೇನು ಗೊತ್ತು?" ಎನ್ನುತ್ತಲೇ ಹೆಜ್ಜೆ ಮುಂದಿಟ್ಟರು. "ಮೂರು ದಿನ ಆಯ್ತು, ಅದರ ಎದುರು ದೀಪ ಇಡದೆ."

ಎಂಟರಿಂದ ಐದೂ ಮುಕ್ಕಾಲು. ಒಂಬತ್ತೂ ಮುಕ್ಕಾಲು ಗಂಟೆ, ನಾಲ್ಕು ಆಂಪಿಯರ್. ತಟ್ಟೆಯ ಕೆಳಗೆ ಇದ್ದ ಜಾಗದ ತುಂಬ ಈಗ ಗಾಳಿಯಲ್ಲ, ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡಕ್ಕೊಂದರಂತೆ ಬೆರೆತು ನಿಂತಿದ್ದವು. ಅತ್ಯಂತ ಜೋರಾಗಿ ಸಿಡಿಯುವ ಪ್ರಮಾಣ ಅದೇ. ತುಂಬಿ ಮಿಕ್ಕಿದ್ದು ಬಟ್ಟೆಯ ಸಂದಿನಿಂದ ಸೋರುತ್ತಲೂ ಇದ್ದಿರಬೇಕು. ದೀಪಕ್ಕೂ ಆ ಅಂಚಿಗೂ ನಡುವೆ ನಾಲ್ಕೈದು ಅಡಿ.

"ಅಲ್ಲೇ ನಿಲ್ಲಿ ಅಮ್ಮ. ದೀಪ ತಂದ ಕಡೆಗೇ ವಾಪಸ್ ತಗೊಂಡು ಹೋಗಿ."

"ಎಂತಕ್ಕೆ? ಬರೀ ನೀರು, ಸೋಡಾ ಅಂದಿಯಲ್ಲ ನೀನು?"

ಅವರ ಮಣಿಕಟ್ಟು ಹಿಡಿದು, ದೇವರ ಕೋಣೆಯೊಳಕ್ಕೆ ತಳ್ಳಿಕೊಂಡು ಹೋಗಿ, ಬಾಯಿಂದ ದೀಪ ಊದಿ ಆರಿಸಿದೆ. ದೇವರ ಮುಂದೆ, ಮುಸ್ಸಂಜೆಯಲ್ಲಿ, ಅವರ ಕೈಯಲ್ಲಿದ್ದಾಗಲೇ.

ಅವರು ನನ್ನನ್ನು ನೋಡಿದ ನೋಟವನ್ನು ವಿವರಿಸಲಾರೆ. "ಥೂ! ಎಂಥ ಹೆಣ್ಣು ನೀನು! ದೀಪ ಊದುದಾ? ನಿನ್ನ ಮುಖ ನೋಡುದಿಲ್ಲ ನಾನು," ಎಂದು ಹೊಗೆಯಾಡುತ್ತಿದ್ದ ದೀಪವನ್ನು ಅಲ್ಲೇ ಕುಕ್ಕಿ ಹಜಾರದ ಕಡೆ ನಡೆದುಬಿಟ್ಟರು.

ನಾನು ಉಗ್ರಾಣಕ್ಕೆ ಓಡಿ ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. ಕೂಗು ಕೇಳಿ ಬಂದ ವಾದಿರಾಜರಿಗೆ ಮನೆಯ ಮೇನ್ ಸ್ವಿಚ್ ಆರಿಸಿ ಎಂದು ಹೇಳಲು ತಿರುಗುವಷ್ಟರಲ್ಲಿ ಅವರು ಬಗ್ಗಿ, ಮುಚ್ಚಿದ ಟಬ್ಬಿನಿಂದ ವೈರನ್ನು ಹಿಡಿದು ಎಳೆದಿದ್ದರು. ಕರೆಂಟು ಹರಿಯುವಾಗ ಕ್ಲಿಪ್ಪು ಕಿತ್ತರೆ ಕಿಡಿ ಹಾರುತ್ತದೆ. ಅದು ಒಳಗೆ ಹಾರಿತು.

ಶಬ್ದ ನನಗೆ ನೆನಪಿಲ್ಲ. ನೆನಪಿರುವುದು ಬಿಳಿಯ ಬೆಳಕು, ಆಮೇಲೆ ಹತ್ತಿ ತುರುಕಿದಂಥ ಮೌನ. ತಟ್ಟೆ ಫ್ಯಾನಿನ ಒಂದು ರೆಕ್ಕೆಯನ್ನು ಮುರಿದು ಚಾವಣಿಗೆ ಬಡಿದು ಎರಡಾಗಿ ಮಡಚಿಕೊಂಡು ಬಿದ್ದಿತ್ತು. ಟಬ್ಬು ಚೂರುಚೂರು. ವಾದಿರಾಜರು ಮುಖ ಹಿಡಿದು ನೆಲದ ಮೇಲಿದ್ದರು. ಬಾಯಿ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಅವರನ್ನು ನಲ್ಲಿಯ ಕೆಳಗೆ ಕೂರಿಸಿ ಇಪ್ಪತ್ತು ನಿಮಿಷ, ಮುಖಕ್ಕೆ ಸಿಡಿದಿದ್ದ ಸೋಡಾ ನೀರನ್ನು ತೊಳೆದೆ. ಕನ್ನಡಕ ಕಣ್ಣುಗಳನ್ನು ಉಳಿಸಿತ್ತು. ಬಲಗಿವಿಯ ತಮಟೆ ಹರಿದಿತ್ತು. ನನ್ನ ಎಡಗಿವಿಯಲ್ಲಿ ಅಂದು ಶುರುವಾದ ಸಿಳ್ಳು ಇನ್ನೂ ನಿಂತಿಲ್ಲ.

ಉಗ್ರಾಣಕ್ಕೆ ಹಿಂತಿರುಗಿದಾಗ ಕಂದು ನೀರಿನ ನಡುವೆ ಕಲ್ಲು ಕೂತಿತ್ತು. ಒಂದಿಷ್ಟೂ ಕದಲಿರಲಿಲ್ಲ. ತುಕ್ಕೆಲ್ಲ ಕಳಚಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಅದರ ಲೋಹದ ಮೈ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಯಮುನಮ್ಮ ಅದರ ಎದುರು ನಿಂತಿದ್ದರು. ಒಂದು ಗೀರೂ ಆಗಿರಲಿಲ್ಲ. "ಈಗ ಸುಮ್ಮನಾಯ್ತು," ಎಂದರು. ನನಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ.

ಆಮೇಲೊಮ್ಮೆ ಆ ದಾರಿಯನ್ನು ಅವರ ನಡಿಗೆಯಲ್ಲೇ ನಡೆದು ನೋಡಿದೆ. ದೇವರ ಕೋಣೆಯಿಂದ, ಟಬ್ಬು ಸಿಡಿದಾಗ ಅವರು ಕೂತಿದ್ದ ಹಜಾರದ ಬೆಂಚಿನವರೆಗೆ ಹದಿನಾಲ್ಕು ಹೆಜ್ಜೆ. ನನ್ನ ಮೇಲಿನ ಸಿಟ್ಟು ಅವರನ್ನು ಅಷ್ಟು ದೂರ ಕರೆದುಕೊಂಡು ಹೋಗಿತ್ತು. ಸಿಟ್ಟು ಬರದೆ, ನಿಂತು ಕೇಳಿದ್ದರೆ?

ಕಲ್ಲಿನ ಉಳಿದ ಕೆಲಸವನ್ನು ನನ್ನ ತಾರಸಿಯ ಮೇಲೆ ಮುಗಿಸಿದೆ. ಈ ಸಲ ಹೊಸಿಲು ದಾಟಿಸಲು ಅವರು ಬೇಡ ಎನ್ನಲಿಲ್ಲ. ಐದು ವಾರದ ಮೇಲೆ, ಸ್ಪಿರಿಟ್ಟಿನಲ್ಲಿ ತೇವ ತೆಗೆದು ಎಣ್ಣೆ ಸವರಿದ ಕಲ್ಲನ್ನು ವಾಪಸ್ ಇಟ್ಟಾಗ ಯಮುನಮ್ಮ ತಂಬಿಗೆ ಹಿಡಿದು ಬಂದರು.

"ಇನ್ನು ನೀರು ಹಾಕಬಹುದಲ್ಲ?"

ಹಾಕಿ ಅಮ್ಮ, ಸ್ವಲ್ಪ ಹಾಕಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ಅವರನ್ನು ಮಣೆಯ ಮೇಲೆ ಕೂರಿಸಿ, ಎದುರು ನೆಲದ ಮೇಲೆ ಕೂತು, ಎಲ್ಲ ಹೇಳಿದೆ. ಬಾವಿಯ ಉಪ್ಪು. ಮೂವತ್ತು ವರ್ಷದ ಅಭಿಷೇಕ. ಟಬ್ಬಿನಲ್ಲಿ ಏನಿತ್ತು, ಅದು ಯಾಕೆ ಸಿಡಿಯಿತು, ನಾನು ಯಾಕೆ ಹೇಳದೆ ಮುಚ್ಚಿಟ್ಟೆ. ಅವರು ತಂಬಿಗೆಯನ್ನು ಪಕ್ಕದ ನೆಲದ ಮೇಲೆ ಇಟ್ಟರು.

ಆಮೇಲೆ ಹೇಳಿದರು: "ಮೊದಲೇ ಹೇಳಿದ್ರೆ ನಾನು ಮುಚ್ತಾ ಇರ್ಲಿಲ್ಲ. ನೀವು ಓದಿದವರು ಯಾರೂ ಹೇಳ್ಲಿಲ್ಲ. ಪಾಪ, ಅದೊಂದೇ ಹೇಳ್ತಾ ಇದ್ದದ್ದು, ನೀರು ಬೇಡ, ಬೇಡ ಅಂತ. ನಾನು ಮತ್ತೆ ಮತ್ತೆ ಹಾಕ್ತಾ ಹೋದೆ."

ಆ ನೀರನ್ನು ತುಳಸಿಗೆ ಹಾಕಲು ಎದ್ದವರು, ಉಪ್ಪು ನೆನಪಾಗಿ ಬಚ್ಚಲಿಗೆ ಚೆಲ್ಲಿ ಬಂದರು. ಈಗ ಕಲ್ಲಿಗೆ ಒಣಬಟ್ಟೆಯ ಸೇವೆ ಮಾತ್ರ. ಎರಡು ಹೊತ್ತು ಊಟ ಮಾಡುತ್ತಾರೆ. ಸೊಸೆಯಿಂದ ನಾಲ್ಕು ಸೀರೆ ವಾಪಸ್ ಇಸಿದುಕೊಂಡಿದ್ದಾರೆ.

ಸಾಮಾನು, ರಾಸಾಯನಿಕ, ವಿಧಾನ ಯಾವುದರಲ್ಲೂ ನಾನು ತಪ್ಪಿರಲಿಲ್ಲ. ಅಪಾಯವನ್ನು ದಿನವಿಡೀ ಹೊರಗಿರುವವರಿಗೆ ವಿವರಿಸಿ, ದಿನವಿಡೀ ಅದರ ಪಕ್ಕದಲ್ಲಿ ಕೂರುವವರಿಗೆ ಸಮಾಧಾನ ಹೇಳಿ ಬಂದೆ. ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ: ಭಯಪಡಬೇಕಾದ ಕಡೆ ಭಯಪಡುವ ಹಕ್ಕನ್ನು ಯಾರಿಂದಲೂ ಕಿತ್ತುಕೊಳ್ಳಬಾರದು. ಯಾರದೇ ಮನೆಯ ಕಲ್ಲಾದರೂ, ಚಾರ್ಜರ್ ಹಚ್ಚುವ ಮೊದಲು ಆ ಮನೆಯಲ್ಲಿ ಮಧ್ಯಾಹ್ನ ಒಂಟಿಯಾಗಿ ಇರುವವರು ಯಾರು ಎಂದು ಈಗ ಕೇಳುತ್ತೇನೆ. ಅವರು ಬಂದು ಎದುರು ಕೂರುವವರೆಗೆ ಕೆಲಸ ಶುರು ಮಾಡುವುದಿಲ್ಲ.